ಎತ್ತರದವರು

ಪಟಮಟ, ವಿಜಯವಾಡ
೨೧ ಅಕ್ಟೋಬರ್ ೧೯೯೨

ಯಜಮಾನರಿಗೆ ಮಂಗಳಾಗೌರಿ ಮಾಡುವ ನಮಸ್ಕಾರಗಳು.

ನಿಮ್ಮ ಭುಜದ ನೋವು ಈಗ ಹೇಗಿದೆ? ಚಳಿ ಹಿಡಿಯುವ ಮುಂಚೆ ಆ ಎಣ್ಣೆ ತರಿಸಿಕೊಂಡು ಹಚ್ಚಿಕೊಳ್ಳಿ. ಆ ಕೈಯಲ್ಲಿ ನೀರಿನ ಕೊಡ ಎತ್ತಬೇಡಿ. ಹೇಳುವವರು ಯಾರೂ ಹತ್ತಿರ ಇಲ್ಲವಲ್ಲ, ಅದಕ್ಕೇ ಬರೆದೆ.

ಪದ್ಮಾ ಬದುಕಿದ್ದಾಳೆ. ಅವಳ ಕೂಸೂ ಚೆನ್ನಾಗಿದೆ. ಇದನ್ನು ಮೊದಲೇ ತಿಳಿಸಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದುತ್ತಾ ಅರ್ಧಕ್ಕೇ ಎದ್ದು ನೀವು ಸ್ಟೇಷನ್ನಿಗೆ ಹೊರಟುಬಿಡುತ್ತೀರಿ. ನಿಮ್ಮ ಸ್ವಭಾವ ನನಗೆ ಗೊತ್ತು. ದಯವಿಟ್ಟು ಕೂತು ಪೂರ್ತಿ ಓದಿ.

ಸೆಪ್ಟೆಂಬರಿನಲ್ಲಿ ನೀವು ಪಟಮಟಕ್ಕೆ ಬಂದು ಪದ್ಮಾಳ ಮನೆಯಲ್ಲಿ ಅರ್ಧ ದಿನ ಕೂತು ಹೋದಿರಿ. ಅವಳ ಮನೆಗೂ ನಮ್ಮಣ್ಣನ ಮನೆಗೂ ನಡುವೆ ಎರಡೇ ಬೀದಿ. ನೀವು ಸಿಟಿ ಬಸ್ ಇಳಿದ ಜಾಗದಲ್ಲಿ ನಿಂತು ನೋಡಿದರೆ ನಮ್ಮ ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಕಾಣುತ್ತದೆ. ಆದರೂ ಬರಲಿಲ್ಲ. ಅದಕ್ಕೆ ಜಗಳವಾಡಲು ಈ ಕಾಗದ ಬರೆಯುತ್ತಿಲ್ಲ. ನೀವು ಬಂದಿದ್ದರೂ ನಾನು ಬಾಗಿಲು ತೆಗೆಯುತ್ತಿದ್ದೆನೋ ಇಲ್ಲವೋ, ನನಗೇ ತಿಳಿಯದು.

ಅವರ ಮನೆಯ ಸಂಗತಿ ನಿಮಗೆ ಪದ್ಮಾ ಹೇಳಿದಷ್ಟೇ ಗೊತ್ತು. ಅವಳ ಗಂಡ ರಾಮಮೋಹನ್ ನಮ್ಮಣ್ಣನ ಬ್ಯಾಂಕಿನಲ್ಲೇ ಗುಮಾಸ್ತ. ಹಾಸನದ ಕಡೆಯವರು, ವರ್ಗವಾಗಿ ಹೋದ ವರ್ಷ ಇಲ್ಲಿಗೆ ಬಂದರು. ಆಗಸ್ಟಿನಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೃಷ್ಣಾ ಪುಷ್ಕರದ ಸ್ನಾನಕ್ಕೆ ಊರಿಗೆ ಊರೇ ನದಿಗಿಳಿದಿದ್ದಾಗ ಇವರೂ ಆರು ವರ್ಷದ ಮಗ ಶ್ರೀಕಂಠನನ್ನು ಕರೆದುಕೊಂಡು ಸೀತಾನಗರದ ಕಡೆಯ ಮೆಟ್ಟಿಲಿಗೆ ಹೋದರು. ಮಟಮಟ ಮಧ್ಯಾಹ್ನ. ಇಬ್ಬರೂ ಒಂದು ಮುಳುಗು ಹಾಕಿ ತಲೆಯೆತ್ತುವಷ್ಟರಲ್ಲಿ ಮಗ ಇರಲಿಲ್ಲ. ಜನಜಂಗುಳಿಯಲ್ಲಿ ತಪ್ಪಿಸಿಕೊಂಡನೆಂದು ಮೊದಲು ದಡದ ಮೇಲೆಲ್ಲ ಹುಡುಕಿದರು. ಆಮೇಲೆ ದೋಣಿಯವರು ನೀರಿನಲ್ಲಿ ಹುಡುಕಿದರು. ಎಲ್ಲಿಯೂ ಸಿಗಲಿಲ್ಲ.

ಅಣ್ಣ ನಮ್ಮ ವಿಷಯವನ್ನು ಬ್ಯಾಂಕಿನಲ್ಲಿ ಯಾರ ಹತ್ತಿರವೂ ಆಡಿಲ್ಲ. ಅಲ್ಲಿಯವರಿಗೆಲ್ಲ ನಾನು ಚಿಕ್ಕಣ್ಣನವರ ತಂಗಿ, ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಅಷ್ಟೆ. ಒಂದು ದಿನ ಅಣ್ಣ ಊಟಕ್ಕೆ ಕೂತವನು ಅನ್ನ ಕಲಸುತ್ತಾ ಕಲಸುತ್ತಾ, "ಆ ಹುಡುಗಿ ಹತ್ರ ಯಾರಿಗೂ ಕೂತ್ಕಳಾಕೆ ಆಗ್ತಿಲ್ಲ ಮಂಗಳಾ. ನೀನೊಂದ್ಸಲ ಹೋಗಿ ಬಾ" ಎಂದ. ನನ್ನ ಮುಖ ನೋಡಲಿಲ್ಲ. ನಾನು ಹೋದೆ.

ಪದ್ಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತೊಟ್ಟಿಲಲ್ಲಿ ಐದಾರು ತಿಂಗಳ ಹೆಣ್ಣುಕೂಸು. ರಾಮಮೋಹನ್ ಬ್ಯಾಂಕಿಗೆ ರಜ ಹಾಕಿ ಬಾಟಲಿಯಲ್ಲಿ ಹಾಲು ಕಲಸಿ ಕುಡಿಸುತ್ತಿದ್ದರು. ಅತ್ತಿಗೆ ಕಟ್ಟಿಕೊಟ್ಟ ಸಾರನ್ನವನ್ನು ಅವರಿಗೆ ಬಡಿಸಿ, ಪದ್ಮಾಳ ಕಾಲ ಬಳಿ ಕೂತು ಬಂದೆ. ಆಮೇಲೂ ಎಷ್ಟೋ ಸಲ ಹೋದೆ. ಒಂದು ಮಾತೂ ಇಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಹೋದಾಗ ಬಾಗಿಲು ತೆಗೆದವಳು ಪದ್ಮಾನೇ. ತಲೆಗೆ ಎರೆದುಕೊಂಡಿದ್ದಳು, ಹಣೆಗೆ ಇಟ್ಟುಕೊಂಡಿದ್ದಳು. "ಬನ್ನಿ ಅಕ್ಕ, ಉಪ್ಪಿಟ್ಟು ಮಾಡಿದೀನಿ" ಎಂದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು. ಅಚ್ಚರಿಯಾಗಿ ಒಳಗೆ ಹೋಗಿ ಕೂತರೆ, ಎದುರಿಗೆ ಗಾಜಿನ ಕಪಾಟಿನಲ್ಲಿ ಐದು ಮರದ ಗೊಂಬೆ. ಕೊಂಡಪಲ್ಲಿಯವು, ಹಸಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ದಸರೆ ಹತ್ತಿರವಿತ್ತಲ್ಲ, ದಶಾವತಾರದ ಸೆಟ್ಟಿನವೋ ಏನೋ ಎಂದುಕೊಂಡು ಬಗ್ಗಿ ನೋಡಿದೆ.

ಮೂಗಿಲ್ಲದ, ಅರ್ಧ ಮುಖವೆಲ್ಲ ಕಪ್ಪು ಕಣ್ಣೇ ಆದ ಬೂದುಬಣ್ಣದ ಗಿಡ್ಡ. ಹಲ್ಲಿ ಮುಖದ್ದೊಂದು. ಉದ್ದನೆಯ ಕೈಗಳನ್ನು ಎದೆಗೆ ಮಡಿಸಿಕೊಂಡ, ಮಿಡತೆಯಂಥದ್ದೊಂದು. ಮೈಯೆಲ್ಲ ರೋಮದ ಕುಳ್ಳ. ಕೊನೆಯಲ್ಲಿ, ಉಳಿದವಕ್ಕಿಂತ ಎರಡು ಪಟ್ಟು ಉದ್ದಕ್ಕೆ, ಬಿಳಿ ನಿಲುವಂಗಿ ತೊಟ್ಟು ಭುಜದ ತನಕ ಹೊಂಬಣ್ಣದ ಕೂದಲು ಬಿಟ್ಟುಕೊಂಡದ್ದು. ಕೊಂಡಪಲ್ಲಿಯ ಕೆಲಸಗಾರ ಅಭ್ಯಾಸದಿಂದ ಅದಕ್ಕೂ ಮದುಮಗಳ ಕಣ್ಣನ್ನೇ ಬರೆದಿದ್ದ.

ಯಾರು ಮಾಡಿಸಿದ್ದೆಂದು ನಾನು ಕೇಳಬೇಕಾಗಿಯೇ ಇರಲಿಲ್ಲ. ನಮ್ಮ ವಿಶಾಖಪಟ್ಟಣದ ಕ್ವಾರ್ಟರ್ಸಿನ ಗೋಡೆಯ ಮೇಲೆ ನೀವು ಬಣ್ಣದ ಪೆನ್ಸಿಲಿನಲ್ಲಿ ಬರೆದು ಅಂಟಿಸಿದ್ದ ಚಿತ್ರಗಳು ಅಲ್ಲಿ ಮರದ ಮೈ ಪಡೆದು ನಿಂತಿದ್ದವು. ಪದ್ಮಾ ಮಾತ್ರ ಶಾಲೆಯ ಹುಡುಗಿಯ ಹಾಗೆ ಒಂದೊಂದನ್ನೇ ಮುಟ್ಟಿ ತೋರಿಸಿದಳು.

"ಇವ್ರು ಬೂದು ಮೈಯೋರು ಅಕ್ಕ. ಎತ್ಕೊಂಡೋಗಿ ಪರೀಕ್ಷೆ ಮಾಡಿ ವಾಪಸ್ ಬಿಡ್ತಾರೆ. ಆದ್ರೆ ಕರುಣೆ ಅನ್ನೋದು ಇಲ್ಲ. ಈ ಹಲ್ಲಿ ಮುಖದೋರು ನೆಲದ ಕೆಳಗಿರೋರು, ಇವ್ರ ಮಾತು ನಂಬೋ ಹಾಗಿಲ್ಲ. ಈ ಮಿಡತೆ ಥರದೋರು ಎಲ್ಲಾರಿಗಿಂತ ಹಿರೀಕರಂತೆ, ಬಾಯೇ ಬಿಡದೆ ಮನಸ್ಸಿಂದ ಮನಸ್ಸಿಗೆ ಮಾತಾಡ್ತಾರೆ. ಈ ರೋಮದೋರು ಬೆಟ್ಟದ ಕಡೆ ಇಳಿಯೋರು, ಯಾರ ತಂಟೆಗೂ ಬರಲ್ಲ." ಕೊನೆಯದನ್ನು ಕೈಗೆತ್ತಿಕೊಂಡಳು. "ಇವ್ರು ಎತ್ತರದೋರು. ನೀರಲ್ಲಿ ಕಷ್ಟಕ್ಕೆ ಸಿಕ್ಕಿದ ಮಕ್ಕಳನ್ನ ಎತ್ಕೊಳ್ಳೋದು ಇವ್ರೇ. ನಮ್ಮ ಶ್ರೀಕಂಠ ಇವ್ರ ಹತ್ರ ಇದಾನೆ."

ಪಕ್ಕದ ಮನೆಯ ರಾಜ್ಯಲಕ್ಷ್ಮಿಯವರು ತೆಲುಗು ವಾರಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬಂದದ್ದನ್ನು ಓದಿ ಹೇಳಿದರಂತೆ: ನೌಕಾದಳದಲ್ಲಿ ರೇಡಾರ್ ಕೆಲಸ ಮಾಡಿ ನಿವೃತ್ತರಾದವರು, ಆಕಾಶದಿಂದ ಬರುವವರ ಜಾತಿಗಳನ್ನೆಲ್ಲ ಬಲ್ಲವರು ಎಂದು. ಪದ್ಮಾ ನಿಮಗೆ ಬರೆದಳು, ನೀವು ಬಂದಿರಿ.

"ಶಿವಲಿಂಗಪ್ಪನವರು ಅಂತ. ನಮ್ಮ ಕಡೆ ಥರಾನೇ ಕನ್ನಡ. ಅವ್ರ ಮಗಳೂ ಅಲ್ಲೇ ಇದಾಳಂತೆ ಅಕ್ಕ, ಗಿರಿಜಾ ಅಂತ. ಶ್ರೀಕಂಠನ್ನ ಅವಳೇ ನೋಡ್ಕೊತಾಳೆ ಅಂದ್ರು. ಎಲ್ಲಿಗೆ ಹೋದ್ರೂ ಕೈ ಹಿಡ್ಕೊಂಡೇ ಕರ್ಕೊಂಡು ಹೋಗ್ತಾಳಂತೆ. ನೀವು ಅವ್ರನ್ನ ಬಲ್ಲಿರಾ?"

ಇಲ್ಲ ಎಂದೆ.

ಇನ್ನೇನು ಹೇಳಬಹುದಿತ್ತು? ಗಿರಿಜಾಳ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಕೂತೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ಕಾರ್ತಿಕದ ಭಾನುವಾರವನ್ನು ನಾನೂ ನೋಡಿದವಳೇ. ನಿಮ್ಮ ಜೊತೆಯ ತೆಲುಗಿನವರೆಲ್ಲ ಸೇರಿ ಯಾರಾಡದ ಸಮುದ್ರತೀರದಲ್ಲಿ ವನಭೋಜನ ಇಟ್ಟುಕೊಂಡಿದ್ದರು. ನಾನು ಮರದಡಿ ಬುತ್ತಿ ಬಿಚ್ಚುತ್ತಿದ್ದೆ. ನೀವೂ ಪುಟ್ಟ ಗಿರಿಜಾನೂ ಮೊಣಕಾಲುದ್ದ ನೀರಿನಲ್ಲಿ ಕೈ ಹಿಡಿದು ನಿಂತಿದ್ದಿರಿ. ಅವಳು ತಿರುಗಿ ನನ್ನ ಕಡೆ ನೋಡಿ ಏನೋ ಕೂಗಿದಳು, ಗಾಳಿಗೆ ಕೇಳಿಸಲಿಲ್ಲ. ಅವಳ ಬೆನ್ನ ಹಿಂದೆ ಅಲೆ ಎದ್ದದ್ದು ಕಂಡಿತು. ಅದು ಹಿಂದಕ್ಕೆ ಸರಿದಾಗ ನೀವೊಬ್ಬರೇ ಇದ್ದಿರಿ, ಕೈ ಹಾಗೇ ಚಾಚಿತ್ತು. ಎಷ್ಟು ಸಲ ಮುಳುಗಿದಿರಿ! ಬಂಡೆಗೆ ಬಡಿದು ಭುಜ ಕಳಚಿದ ಮೇಲೂ ಮುಳುಗಿದಿರಿ. ಬೆಸ್ತರು ಹಿಡಿದು ಎಳೆದು ತಂದರು. ಆಸ್ಪತ್ರೆಯಲ್ಲೂ ಹೇಳಿದ್ದೆ, ಆಮೇಲೂ ಹೇಳಿದ್ದೆ, ಈಗ ಮತ್ತೆ ಬರೆಯುತ್ತೇನೆ: ನೀವು ಕೈ ಬಿಡಲಿಲ್ಲ. ಸಮುದ್ರ ಕಿತ್ತುಕೊಂಡಿತು.

ಅಲೆ ಏಳುವ ಮೊದಲು ನೀರಿನ ಮೇಲೆ ಬಿಳಿಯ ಬೆಳಕು ಇಳಿಯಿತೆಂದು ನೀವು ಹೇಳಿದಿರಿ. ಕಣ್ಣಿಗೆ ಬಿಸಿಲು ಹೊಡೆದಿರಬೇಕೆಂದು ನಾನು ಸುಮ್ಮನಾದೆ. ರೇಡಾರಿನ ಪರದೆಯಲ್ಲಿ ಹಡಗೂ ಅಲ್ಲದ ಹಕ್ಕಿಯೂ ಅಲ್ಲದ ಚುಕ್ಕೆ ಕಂಡು ಹೊಸ ಹುಡುಗರು ದೆವ್ವ ಎಂದು ಹೆದರಿದರೆ, ಅದು ತೇವದ ಗಾಳಿಯ ಆಟ ಎಂದು ನಗುತ್ತಿದ್ದವರು ನೀವು. ನಿಮ್ಮಂಥವರ ಬಾಯಲ್ಲಿ ಆ ಮಾತು ಬಹಳ ದಿನ ನಿಲ್ಲುವುದಿಲ್ಲ ಎಂದುಕೊಂಡಿದ್ದೆ.

ಅತ್ತೆ ಅಕ್ಕಮ್ಮನವರು ಊರಿಂದ ಬಂದಾಗ ಏನಂದರು, ನೆನಪಿದೆಯೇ? ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನೀರಾಗಿನ ಅಕ್ಕದೇರು ಕರಕಂಡೋಗ್ಯಾರೆ ಕಣವ್ವ. ಚೆಂದಾಗಿ ನೋಡ್ಕಂತಾರೆ. ಏಳು ಜನ ಅದಾರೆ, ಒಬ್ಬರಲ್ಲ ಒಬ್ಬರು ಎತ್ಕಂತಾರೆ" ಎಂದರು. ಊರ ಕೆರೆ ಏರಿಯ ಮೇಲೆ ಏಳು ಕಲ್ಲು ನಿಲ್ಲಿಸಿ ಅರಿಶಿನ ಹಚ್ಚುತ್ತಾರಲ್ಲ, ಆ ಅಕ್ಕಂದಿರು. ನೀವು ಸಿಟ್ಟಿಗೆದ್ದಿರಿ, ಮೂಢನಂಬಿಕೆ ಎಂದಿರಿ. ಅದಾಗಿ ವರ್ಷ ತುಂಬುವುದರೊಳಗೆ ನೀವೇ ಗೋಡೆಯ ಮೇಲೆ ಐದು ಜಾತಿ ಬರೆದು ಎತ್ತರದವರ ಕೆಳಗೆ ಕೆಂಪು ಗೆರೆ ಎಳೆದಿರಿ. ಅತ್ತೆಯ ಅಕ್ಕಂದಿರಿಗೂ ನಿಮ್ಮ ಎತ್ತರದವರಿಗೂ ನನಗೆ ಬಹಳ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಹೇಳಿದ್ದಕ್ಕೆ ನೀವು ನನ್ನೊಡನೆ ಮಾತು ಬಿಟ್ಟಿರಿ.

ಅದನ್ನೂ ತಡೆದುಕೊಂಡೆ. ನೀವು ಕೆಲಸಕ್ಕೆ ರಜ ಹಾಕಿ ದಿನವೆಲ್ಲ ಗುಡ್ಡದ ಮೇಲೆ ಕೂರುವುದನ್ನು ತಡೆದುಕೊಂಡೆ. ಕ್ವಾರ್ಟರ್ಸಿನ ಮಕ್ಕಳು ನಮ್ಮ ಬಾಗಿಲ ಮೇಲೆ ಸುಣ್ಣದಲ್ಲಿ ಬೋಳುತಲೆಯ ಮುಖ ಬರೆದು ಓಡುವುದನ್ನೂ ತಡೆದುಕೊಂಡೆ. ಆದರೆ ಇದೇ ವಿಷಯ ಬರೆದುಕೊಳ್ಳಲು ಹೈದರಾಬಾದಿನಿಂದ ಬಂದ ಆ ಗಡ್ಡದ ಮನುಷ್ಯನನ್ನು ಕೂರಿಸಿಕೊಂಡು, ಅವನೆದುರಿಗೇ ನೀವು ನನ್ನನ್ನು ಕೇಳಿದಿರಿ: ಬಸುರಿಯಾಗಿದ್ದಾಗ ವಿಚಿತ್ರ ಕನಸು ಬಿದ್ದಿತ್ತಾ, ಎಲ್ಲಿಗೋ ಹೋಗಿ ಬಂದ ಹಾಗೆ ಅನಿಸಿತ್ತಾ ಎಂದು. ಅವನು ಟೇಪ್ ರೆಕಾರ್ಡರ್ ಒತ್ತಿದ. ನೀವು, "ಗಿರಿಜಾ ಮೊದಲಿಂದ್ಲೂ ಅವರ ಮಗೂನೇ ಮಂಗಳಾ. ನಮ್ಮ ಹತ್ರ ಬಿಟ್ಟಿದ್ದರು ಅಷ್ಟೆ. ವಾಪಸ್ ಕರಕಂಡರು" ಎಂದಿರಿ.

ನಿಮಗೆ ಅದರಿಂದ ಸಮಾಧಾನ ಸಿಕ್ಕಿರಬಹುದು. ಅವಳು ಅವರದೇ ಆದರೆ ಕಳೆದುಕೊಂಡವರು ನಾವಲ್ಲವಲ್ಲ. ಆದರೆ ನಾನು ಹೆತ್ತವಳು. ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ದಿನ ನೋವು ತಿಂದವಳು. ಹುಟ್ಟಿದಾಗ ಅವಳ ಎಡಗಿವಿ ನಿಮ್ಮ ತಾಯಿಯ ಕಿವಿಯ ಹಾಗೇ ತುದಿ ಮಡಚಿಕೊಂಡಿತ್ತು. ಅದನ್ನು ಯಾವ ನಕ್ಷತ್ರದಿಂದ ತಂದಿದ್ದಳು? ನನ್ನ ಮಗಳನ್ನು ಸಮುದ್ರ ಒಂದು ಸಲ ಕಿತ್ತುಕೊಂಡಿತ್ತು, ಅವತ್ತು ನೀವು ಇನ್ನೊಂದು ಸಲ ಕಿತ್ತುಕೊಂಡಿರಿ. ಮಾರನೆಯ ದಿನವೇ ಅಣ್ಣನ ಮನೆಗೆ ರೈಲು ಹತ್ತಿದೆ. ಯಾಕೆ ಹೋದೆನೆಂದು ನೀವು ಯಾವತ್ತೂ ಕೇಳಲಿಲ್ಲ. ಅದಕ್ಕೇ ಬರೆದೆ. ಮತ್ತೆ ಬರೆಯುವುದಿಲ್ಲ.

ಈಗ ಪದ್ಮಾಳ ವಿಷಯಕ್ಕೆ ಬರುತ್ತೇನೆ.

ನೀವು ಹೋದ ಮೇಲೆ ಅವಳು ಊಟ ಮಾಡಿದಳು, ನಿದ್ದೆ ಮಾಡಿದಳು. ಕೂಸಿಗೆ ಮತ್ತೆ ಹಾಲು ಕೊಡಲು ಶುರು ಮಾಡಿದಳು. ರಾಮಮೋಹನ್ ನನ್ನ ಹತ್ತಿರ ಗುಟ್ಟಾಗಿ, "ಸುಳ್ಳೇ ಇರ್ಬೋದು ಅಕ್ಕ, ಆದ್ರೆ ನನ್ನ ಹೆಂಡ್ತಿ ಎದ್ದು ಕೂತಳು" ಎಂದರು. ನನಗೂ ಒಡೆದು ಹೇಳುವ ಮನಸ್ಸಾಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳನ್ನು ನೋಡಿದ್ದೆನಲ್ಲ.

ಆಮೇಲೆ ಅವರಿಗೆ ಹಾಸನಕ್ಕೆ ವರ್ಗವಾಯಿತು. ಅಣ್ಣನೇ ಮೇಲಿನವರಿಗೆ ಹೇಳಿ ಮಾಡಿಸಿಕೊಟ್ಟದ್ದು. ಪದ್ಮಾ ಒಪ್ಪಲಿಲ್ಲ. "ಅವ್ರು ಎತ್ಕೊಂಡ ಕಡೇನೇ ತಂದು ಬಿಡ್ತಾರಂತೆ. ನಾವು ಇಲ್ಲಿಲ್ಲ ಅಂದ್ರೆ ಶ್ರೀಕಂಠ ಎಲ್ಲಿಗೆ ಬರ್ತಾನೆ?" ಎಂದಳು. ಹಾಗಂತ ನೀವೇ ಹೇಳಿದ್ದಿರೋ, ನಿಮ್ಮ ಮಾತಿನಿಂದ ಅವಳು ತೆಗೆದುಕೊಂಡದ್ದೋ ನನಗೆ ಗೊತ್ತಿಲ್ಲ. ರಾಮಮೋಹನ್ ಮೊದಲು ಬೇಡಿಕೊಂಡರು, ಆಮೇಲೆ ರೇಗಿದರು. ಸಾಮಾನು ಕಟ್ಟಲು ಶುರುವಾಯಿತು. ಪದ್ಮಾ ಒಂದು ಪಾತ್ರೆಯನ್ನೂ ಮುಟ್ಟಲಿಲ್ಲ. ತಾರಸಿಯ ಮೇಲೆ ಕೂತು ಆಕಾಶ ನೋಡುತ್ತಿದ್ದಳು. ಕೂಸು ಕೆಳಗೆ ಅತ್ತರೆ, "ಅಳಲಿ ಬಿಡಿ ಅಕ್ಕ, ಇನ್ನೆಷ್ಟು ದಿನ" ಎಂದಳು ಒಮ್ಮೆ. ಆ ಮಾತು ನನಗೆ ಸರಿಬರಲಿಲ್ಲ. ರಾಮಮೋಹನ್‌ಗೆ ಹೇಳಿದೆ. ಊರಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದರು.

ವಿಜಯದಶಮಿಯ ಮಾರನೆಯ ದಿನ ಶಾಲೆಗೆ ರಜ ಇತ್ತು. ಹನ್ನೊಂದು ಗಂಟೆಗೆ ಕೂಸಿಗೆಂದು ಹಳೇ ಸೀರೆಯಲ್ಲಿ ಹೊಲಿದ ದುಪಟಿ ತೆಗೆದುಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ತೊಟ್ಟಿಲು ಖಾಲಿ. ಕಪಾಟಿನಲ್ಲಿ ನಾಲ್ಕೇ ಗೊಂಬೆ. ರಾಜ್ಯಲಕ್ಷ್ಮಿಯವರು ತಮ್ಮ ಮನೆಯ ಮೆಟ್ಟಿಲ ಮೇಲಿನ ಹಳೇ ಹೂವು ಗುಡಿಸುತ್ತಿದ್ದವರು ತಲೆಯೆತ್ತಿ, ಪದ್ಮಾ ಪಾಪುವಿಗೆ ಹೊಸ ಗೌನು ಹಾಕಿ ಈಗಷ್ಟೇ ಆಟೋದಲ್ಲಿ ಹೋದಳು, ಸೀತಾನಗರಂ ಎಂದು ಹೇಳಿದ್ದು ಕೇಳಿಸಿತು ಎಂದರು. ನನ್ನ ಮುಖ ನೋಡಿ ಅವರ ಕೈಯಿಂದ ಪೊರಕೆ ಬಿತ್ತು. "ಅಯ್ಯೋ, ಪರುಗೆತ್ತಂಡಿ ಮಂಗಳಗಾರು!" ಎಂದರು. ಅವರು ಹೇಳಿದಂತೆಯೇ ಓಡಿದೆ. ದಾರಿಯಲ್ಲಿ ಸಿಕ್ಕ ಆಟೋ ಹತ್ತಿದೆ. ಬ್ಯಾರೇಜಿನ ಸೇತುವೆ ದಾಟುವಾಗ ಎರಡೂ ಬದಿಯ ನೀರು ನೋಡಲಾರದೆ ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಹಬ್ಬ ಮುಗಿದಿತ್ತು, ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ದೂರದಲ್ಲಿ ಒಬ್ಬ ಅಗಸ ಕಲ್ಲಿಗೆ ಬಟ್ಟೆ ಒಗೆಯುತ್ತಿದ್ದ. ಪದ್ಮಾ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ಹೆಗಲ ಮೇಲೆ ಕೂಸು, ಇನ್ನೊಂದು ಕೈಯಲ್ಲಿ ಆ ಎತ್ತರದ ಗೊಂಬೆ. ನಾನು ಕೂಗಿದೆ. ತಿರುಗಿದಳು. ಮುಖದಲ್ಲಿ ದುಃಖವಿರಲಿಲ್ಲ. ಅದನ್ನು ಕಂಡೇ ನಾನು ಹೆದರಿದ್ದು.

"ನೀವು ಬರ್ಬೇಡಿ ಅಕ್ಕ. ಜಾಸ್ತಿ ಜನ ಇದ್ರೆ ಅವ್ರು ಇಳಿಯಲ್ಲ. ಇದೇ ಹೊತ್ತಲ್ಲೇ ಅವನನ್ನ ಎತ್ಕೊಂಡಿದ್ದು. ನಮ್ಮಿಬ್ಬರನ್ನೂ ಎತ್ಕೊತಾರೆ."

ನಾನು ಇಳಿದೆ. ಯಾರಾಡದ ಆ ದಿನದ ಮೇಲೆ ನಾನು ನದಿಗಾಗಲಿ ಕೆರೆಗಾಗಲಿ ಕಾಲಿಟ್ಟಿರಲಿಲ್ಲ. ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತಿತ್ತು. ನಾನು ಒಂದು ಹೆಜ್ಜೆ ಇಟ್ಟರೆ ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದಳು. ನೀರು ಅವಳ ಎದೆಗೆ ಬಂತು. ನಿಂತುಬಿಟ್ಟೆ.

"ಶಿವಲಿಂಗಪ್ಪನವರು ನನ್ನ ಯಜಮಾನರು ಪದ್ಮಾ" ಎಂದೆ.

ಅವಳು ನನ್ನನ್ನೇ ನೋಡಿದಳು.

"ಆ ಗಿರಿಜಾ ನನ್ನ ಮಗಳು. ನಾನೇ ಹೆತ್ತಿದ್ದು. ಅವಳು ಸತ್ತೋದಳು."

ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೋದಳು ಎಂದಿದ್ದೆ, ಇಲ್ಲ ಎಂದಿದ್ದೆ. ಸತ್ತಳು ಎಂದು ಅಣ್ಣನ ಹತ್ತಿರವೂ, ದೇವರ ಮುಂದೆಯೂ ಹೇಳಿರಲಿಲ್ಲ.

"ಸುಳ್ಳು. ಅವ್ರು ನನಗೆ ಆಣೆ ಮಾಡಿ ಹೇಳಿದಾರೆ. ಅವಳು ನಮ್ಮ ಶ್ರೀಕಂಠನ ಕೈ ಹಿಡ್ಕೊಂಡಿದಾಳೆ" ಎಂದಳು ಪದ್ಮಾ.

"ನಾನು ಕಣ್ಣಾರೆ ಕಂಡೆ ಕಣವ್ವ. ಅಲೆ ಬಂತು, ಹೋಯ್ತು. ಯಾರೂ ಇಳೀಲಿಲ್ಲ. ಇಳಿದಿದ್ರೆ ನನಗೆ ಕಾಣ್ತಿರಲಿಲ್ವಾ? ನಾನು ಅವಳನ್ನೇ ನೋಡ್ತಾ ಇದ್ದೆ."

ಪದ್ಮಾ ಆಕಾಶ ನೋಡಿದಳು, ನನ್ನನ್ನು ನೋಡಿದಳು. ಅಷ್ಟರಲ್ಲಿ ಕೂಸಿನ ಕಾಲಿಗೆ ತಣ್ಣೀರು ತಾಗಿ ಅದು ಬೆಚ್ಚಿ ಕಿರುಚಿಕೊಂಡಿತು. ಉಸಿರು ಕಟ್ಟಿಕೊಂಡು, ಮುಖವೆಲ್ಲ ಕೆಂಪಾಗಿ, ತಾಯಿಯ ಕುತ್ತಿಗೆಗೆ ಉಗುರು ಹಾಕಿ ಹತ್ತಲು ನೋಡಿತು. ಪದ್ಮಾ ಅದರ ಮುಖ ನೋಡಿದಳು. ಬಹಳ ದಿನಗಳ ಮೇಲೆ ಈಗ ಕಂಡ ಹಾಗೆ ನೋಡಿದಳು. ಗೊಂಬೆಯನ್ನು ಬಿಟ್ಟು ಎರಡೂ ಕೈಯಲ್ಲಿ ಕೂಸನ್ನು ಅವಚಿಕೊಂಡಳು.

"ಹೆದರಿದಾಳೆ ಅಕ್ಕ" ಎಂದಳು. "ಇವಳು ಹೆದರಿದಾಳೆ."

"ಹೂಂ. ಇತ್ತ ಕೊಡು."

ಕೊಡಲಿಲ್ಲ. ಆದರೆ ಬಂದಳು. ನಾನು ಮುಂಗೈ ಹಿಡಿದು ಮೆಟ್ಟಿಲಿಗೆ ಹತ್ತಿಸಿದೆ. ನನ್ನ ಹಿಡಿತದ ಗುರುತು ಅವಳ ಕೈಮೇಲೆ ಎರಡು ದಿನ ಇತ್ತು. ಮೇಲೆ ಕೂತು ಒದ್ದೆ ಸೀರೆಯಲ್ಲೇ ಕೂಸಿಗೆ ಎದೆ ಕೊಟ್ಟಳು. ಅಗಸ ಏನಾಯಿತೆಂದು ಓಡಿ ಬಂದವನು, ಒಣಗಿದ್ದ ಒಂದು ಪಂಚೆ ಕೊಟ್ಟು ಹೋದ. ಗೊಂಬೆ ಹಗುರ ಮರದ್ದಲ್ಲವೇ, ಮುಳುಗದೆ ಮುಖ ಮೇಲೆ ಮಾಡಿಕೊಂಡು ಬ್ಯಾರೇಜಿನ ಕಡೆ ತೇಲಿಹೋಯಿತು. ಪದ್ಮಾ ಅದನ್ನು ನೋಡುತ್ತಾ ಕೂಸನ್ನು ಗಟ್ಟಿಯಾಗಿ ಅಪ್ಪಿಕೊಂಡು ಅಳಲು ಶುರು ಮಾಡಿದಳು. ಆಗಸ್ಟಿನಿಂದ ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ. ಇಬ್ಬರೂ ಬಿಸಿಲಿನಲ್ಲಿ ಕೂತು ಹೊಟ್ಟೆ ತುಂಬ ಅತ್ತೆವು. ಬೇಗ ನಿಲ್ಲಿಸಿ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ರಾಮಮೋಹನ್‌ಗೆ ಎಲ್ಲ ತಿಳಿಸಿದೆ. ಆ ಮನುಷ್ಯ ನನ್ನ ಮುಂದೆ ನಿಂತು ನಿಮ್ಮನ್ನು ಬಾಯಿಗೆ ಬಂದಂತೆ ಬಯ್ದರು. ಬಯ್ಯಲಿ ಎಂದು ಕೇಳಿಸಿಕೊಂಡೆ. ಅವರು ಮಗನನ್ನು ಕಳೆದುಕೊಂಡವರು. ಇನ್ನೊಂದು ಗಳಿಗೆಯಾಗಿದ್ದರೆ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಳ್ಳುತ್ತಿದ್ದರು. ಆದರೆ ಅವರು ನಿಮ್ಮನ್ನು ಮೋಸಗಾರ ಎಂದಾಗ ಮಾತ್ರ ನಾನು ತಡೆದೆ. "ಮೋಸ ಮಾಡೋರಲ್ಲ. ತಾವು ಹೇಳಿದ್ದನ್ನ ಮೊದಲು ನಂಬಿದವರು ಅವರೇ" ಎಂದೆ.

ನಿನ್ನೆ ಅವರೆಲ್ಲ ಬೆಂಗಳೂರಿನ ರೈಲು ಹತ್ತಿದರು. ಪದ್ಮಾಳ ತಾಯಿ ಬಂದಿದ್ದರು. ಅವಳೀಗ ಊಟ ಮಾಡುತ್ತಾಳೆ, ಅಳುತ್ತಾಳೆ, ಕೂಸನ್ನು ಕೆಳಗಿಳಿಸುವುದಿಲ್ಲ. ರೈಲು ಬಿಡುವ ಮುಂಚೆ ಕಿಟಕಿಯ ಸರಳಿನಿಂದ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನೀವು ಹೇಳಿದ್ದು ಬುದ್ಧಿಗೆ ತಿಳಿಯುತ್ತೆ. ಆದ್ರೂ ಅವ್ರಿಗೆ ನಿಜವಾಗ್ಲೂ ಗೊತ್ತಿದ್ದರೆ? ಒಂದ್ಸಲ ಕೇಳಿ ನೋಡಿ" ಎಂದಳು.

ಕೇಳಿ ಬರೆಸುತ್ತೇನೆಂದು ಮಾತು ಕೊಟ್ಟೆ. ಅದಕ್ಕೇ ಈ ಕಾಗದ.

ನೀವು ಅವಳಿಗೆ ಬರೆಯಬೇಕು. ಎತ್ತರದವರಿಲ್ಲ ಎಂದು ಬರೆಯಿರಿ ಎನ್ನುವುದಿಲ್ಲ. ಅದು ನಿಮ್ಮಿಂದ ಆಗುವುದಿಲ್ಲ. "ಶ್ರೀಕಂಠ ಎಲ್ಲಿದ್ದಾನೆಂದು ನನಗೆ ಗೊತ್ತಿಲ್ಲ" ಎಂದು ಬರೆಯಿರಿ, ಸಾಕು. ನಿಮ್ಮ ಕೈಯ ಅಕ್ಷರದಲ್ಲಿ ಬಂದರೆ ಮಾತ್ರ ಅವಳು ನಂಬುವುದು. ವಿಳಾಸ ಹಿಂದಿನ ಹಾಳೆಯಲ್ಲಿದೆ. ಇನ್ನು ಮೇಲೆ ಯಾವ ತಾಯಿ ನಿಮಗೆ ಬರೆದರೂ ಅದಕ್ಕಿಂತ ಹೆಚ್ಚು ಹೇಳಬೇಡಿ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇದೊಂದನ್ನು ನಡೆಸಿಕೊಡಿ. ಆ ಕೂಸಿನ ಕಿರುಚಾಟವನ್ನು ನೀವು ಕೇಳಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಮಣ್ಣು ಕೊಟ್ಟರೇ ಕಳಿಸಿಕೊಟ್ಟ ಹಾಗೆ. ಗಿರಿಜಾಗೆ ನಾವು ಒಂದು ಹಿಡಿ ಮಣ್ಣೂ ಕೊಡಲಿಲ್ಲ. ನಮ್ಮ ಕಡೆಯ ಒಬ್ಬ ಅಯ್ಯನವರು ಅಣ್ಣನ ಮನೆಗೆ ಬಂದಾಗ ಕೇಳಿದೆ. ಮೈ ಸಿಗದಿದ್ದರೆ ಅವಳು ಹೋದ ಜಾಗದಲ್ಲೇ ವಿಭೂತಿ, ಪತ್ರೆ, ಹುಟ್ಟಿದೂರಿನ ಒಂದು ಹಿಡಿ ಮಣ್ಣು ಬಿಟ್ಟು ಕೈಮುಗಿದರೆ ಆಯಿತು ತಾಯಿ ಎಂದರು. ಅತ್ತೆಗೆ ಬರೆದು ಮಣ್ಣು ತರಿಸಿದ್ದೇನೆ. ಕಾರ್ತಿಕದ ಎರಡನೇ ಭಾನುವಾರ ಬೆಳಗಿನ ರೈಲಿಗೆ ವಿಶಾಖಪಟ್ಟಣಕ್ಕೆ ಬರುತ್ತೇನೆ. ಸ್ಟೇಷನ್ನಿಗೆ ಬನ್ನಿ. ನನ್ನನ್ನು ಯಾರಾಡಕ್ಕೆ ಕರೆದುಕೊಂಡು ಹೋಗಿ. ನೀವು ಮಂತ್ರ ಹೇಳಬೇಕಿಲ್ಲ, ಸತ್ತಳೆಂದು ಒಪ್ಪಬೇಕಿಲ್ಲ, ಸುಮ್ಮನೆ ನನ್ನ ಪಕ್ಕ ನಿಂತುಕೊಳ್ಳಿ. ನಾನು ಒಬ್ಬಳೇ ಆ ನೀರಿಗೆ ಇಳಿಯಲಾರೆ. ನನ್ನ ಮಟ್ಟಿಗೆ ಅಂದಿಗೆ ಇದು ಮುಗಿಯಬೇಕು.

ನಿಮ್ಮ ದಾರಿ ಕಾಯುವ
ಮಂಗಳಾ

ಬರೆಯಲೋ ಬೇಡವೋ ಎಂದು ಯೋಚಿಸಿ ಕೊನೆಗೆ ಬರೆಯುತ್ತಿದ್ದೇನೆ. ಓದಿ ಹರಿದುಹಾಕಿ. ಗಿರಿಜಾಗೆ ಬರುವ ಮಾರ್ಗಶಿರಕ್ಕೆ ಹದಿನಾಲ್ಕು ತುಂಬುತ್ತದೆ. ದೊಡ್ಡವಳಾಗುವ ವಯಸ್ಸು. ನೀವು ಹೇಳುವ ಆ ಎತ್ತರದವರಲ್ಲಿ ಹೆಂಗಸರು ಇದ್ದಾರೆಯೇ? ಹುಡುಗಿ ಏನೂ ತಿಳಿಯದೆ ಹೆದರಿಕೊಳ್ಳುತ್ತಾಳೆ. ಆ ಹೊತ್ತಿಗೆ ಯಾರಾದರೂ ಒಬ್ಬ ಹೆಂಗಸು ಪಕ್ಕದಲ್ಲಿದ್ದು, ಇದು ಎಲ್ಲರಿಗೂ ಆಗುವುದೇ ಮಗಳೇ ಎಂದು ಹೇಳಬೇಕು.